ಮೀನುಗಾರರ ಸಭೆಯಲ್ಲಿ ನಾಡದೋಣಿಯವರು ಎಲ್ಲಿ?

"ಮೀನುಗಾರ ಮುಖಂಡರ ಜತೆ ಸಚಿವರ ಸಭೆ" ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನಾನು ಮೊದಲು ಫೋಟೋ ನೋಡುತ್ತೇನೆ. ಮುಂದಿನ ಸಾಲಿನಲ್ಲಿ ಹೆಚ್ಚಾಗಿ ಕಡಲ ತಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ಮಾಲೀಕರು, ಮೀನಿನ ಹಿಂಡಿಗೇ ಬಲೆ ಸುತ್ತುವ ಪರ್ಸಿನ್ ಬೋಟಿನ ಮಾಲೀಕರು, ಐಸ್ ಪ್ಲಾಂಟಿನವರು ಇರುತ್ತಾರೆ. ಅವರು ಹೊರಗಿನವರಲ್ಲ, ನಮ್ಮ ಊರಿನವರೇ, ನಮ್ಮ ನೆಂಟರೇ. ಡೀಸೆಲ್ ರೇಟು, ಬ್ಯಾಂಕ್ ಸಾಲ, ಮತ್ಸ್ಯಕ್ಷಾಮ ಅವರನ್ನೂ ಹಿಂಡುತ್ತಿದೆ. ಆದರೆ ಬೆಳಗಿನ ಜಾವ ಇಬ್ಬರು ಮೂವರು ಸೇರಿ ಸಣ್ಣ ನಾಡದೋಣಿಯಲ್ಲಿ ಬಲೆ ಹಾಕಲು ಹೋಗುವವರು, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರು, ಮರಳಿನ ಮೇಲೆ ಮೀನು ಒಣಗಿಸುವ ಅಕ್ಕಂದಿರು ಆ ಫೋಟೋದಲ್ಲಿ ಯಾಕೆ ಇರುವುದಿಲ್ಲ? ಅವರೂ ಮೀನುಗಾರರೇ ಅಲ್ವಾ?

ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆಯ ನಾಡದೋಣಿ ಮನೆಯಲ್ಲಿ ಬೆಳೆದವನು ನಾನು. ಹಾಗಾಗಿ ಇದನ್ನು ದೂರದಿಂದ ನೋಡಿ ಬರೆಯುತ್ತಿಲ್ಲ.

ಮೊದಲು ಕಾನೂನಿನ ವಿಷಯ ಹೇಳುತ್ತೇನೆ. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅದರ ಪ್ರಕಾರ ದಡದಿಂದ 6 ಕಿಲೋಮೀಟರ್ ಒಳಗಿನ ಕಡಲು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲು. ಯಾಂತ್ರೀಕೃತ ಬೋಟುಗಳು ಅದರಾಚೆ ಹೋಗಬೇಕು, ದೊಡ್ಡ ಬೋಟುಗಳು 20 ಕಿಲೋಮೀಟರ್ ಆಚೆ. ಕಾಗದದ ಮೇಲೆ ನಮಗೂ ಒಂದು ಜಾಗ ಕೊಟ್ಟಿದ್ದಾರೆ. ಆದರೆ ಮಳೆಗಾಲ ಮುಗಿದು ಸಿಗಡಿ ದಡದ ಹತ್ತಿರ ಬಂದಾಗ ರಾತ್ರಿ ಹೊತ್ತು ಟ್ರಾಲ್ ಬೋಟುಗಳು ಎಲ್ಲಿವರೆಗೆ ಬರುತ್ತವೆ ಅಂತ ದಡದ ಮನೆಯವರನ್ನು ಕೇಳಿ ನೋಡಿ. ಮನೆಯಲ್ಲಿ ಕೂತರೆ ಇಂಜಿನ್ ಸದ್ದು ಕೇಳುತ್ತದೆ.

ಒಮ್ಮೆ ನಮ್ಮ ಮನೆಯವರು ಸಂಜೆ ಬಿಟ್ಟು ಬಂದ ಬಲೆಗೆ ಹೀಗೇ ಆಯಿತು. ಬೆಳಿಗ್ಗೆ ಹೋದಾಗ ಗುರುತಿಗೆ ಕಟ್ಟಿದ್ದ ಬೆಂಡು ಸಿಕ್ಕಿತು, ಅದರ ಜತೆ ಒಂದಿಷ್ಟು ಬಲೆ, ಆಮೇಲೆ ಬರೀ ಹರಿದ ಹಗ್ಗ. ಟ್ರಾಲ್ ಬಲೆ ಎಳೆದುಕೊಂಡು ಹೋಗಿತ್ತು. ಯಾವ ಬೋಟು ಅಂತ ಗೊತ್ತಾಗಲಿಲ್ಲ, ಕತ್ತಲಲ್ಲಿ ಯಾರು ನೋಡಿರುತ್ತಾರೆ? ಉಳಿದ ತುಂಡನ್ನು ಅಂಗಳದಲ್ಲಿ ಹರಡಿ ದಿನಗಟ್ಟಲೆ ಹೆಣೆದರು. ಹೆಣೆಯುವಷ್ಟು ದಿನ ಕಡಲಿಗೆ ಹೋಗಲಿಲ್ಲ, ದುಡಿಮೆಯೂ ಇಲ್ಲ. ದೂರು ಕೊಡಬೇಕು ಅಂದರೆ ಬೋಟಿನ ನಂಬರ್ ಕೇಳುತ್ತಾರೆ. ಊರಲ್ಲೇ ಪಂಚಾಯಿತಿ ಮಾಡೋಣ ಅಂದರೆ ನ್ಯಾಯ ಹೇಳುವ ಜಾಗದಲ್ಲಿ ಕೂತವರಿಗೂ ಟ್ರಾಲ್ ಬೋಟ್ ಇರುತ್ತದೆ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ತನ್ನ ಬೋಟಿಗೆ ದಂಡ ಹಾಕಿಸುವ ಮಾತನ್ನು ಮಾಲೀಕನೇ ಸಭೆಯಲ್ಲಿ ಎತ್ತಬೇಕು ಅಂತ ಬಯಸುವುದು ಹೇಗೆ?

ಲೈಟ್ ಫಿಶಿಂಗ್ ಕಥೆಯೂ ಇದೇ. ಜನರೇಟರ್ ಇಟ್ಟು ಕಡಲಿಗೆ ಪ್ರಖರ ಬೆಳಕು ಬಿಟ್ಟರೆ ಸುತ್ತಲಿನ ಮೀನು ದೊಡ್ಡದು ಚಿಕ್ಕದು ಅಂತಿಲ್ಲದೆ ಬಂದು ಸೇರುತ್ತದೆ. ಆಮೇಲೆ ಬಲೆ ಸುತ್ತಿದರೆ ಎಲ್ಲವೂ ಒಂದೇ ಸಲ ಒಳಗೆ. ಇದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಅನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧ ಮಾಡಿದೆ. ಆದರೂ ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದು "ನಿಷೇಧ ಜಾರಿ ಮಾಡಿ" ಅಂತ ಕೂಗಬೇಕಾಗಿದೆ. ಇನ್ನೊಂದು ಕಡೆಯಿಂದ "ಲೈಟ್ ಫಿಶಿಂಗಿಗೆ ಅನುಮತಿ ಕೊಡಿ" ಅಂತ ಮನವಿ ಹೋಗುತ್ತದೆ. ಎರಡೂ ಮನವಿಯ ಮೇಲೆ "ಮೀನುಗಾರರು" ಅಂತಲೇ ಇರುತ್ತದೆ. ಹಾಗಾದರೆ ಅಧಿಕಾರಿಗಳು ಯಾರ ಮಾತು ಕೇಳುತ್ತಾರೆ? ಯಾರಿಗೆ ಬೆಂಗಳೂರಿಗೆ ಹೋಗಿ ಬರಲು ಕಾರು, ದುಡ್ಡು, ಬಿಡುವು ಇದೆಯೋ ಅವರದ್ದನ್ನು.

ದೋಣಿ, ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ನಿಂತು ನೋಡಿದರೆ ಈ ಎರಡು ಮೀನುಗಾರಿಕೆಯ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ನಾಡದೋಣಿಯವರು ಬಂಗುಡೆ ಮೀನಿಗೆ ಹಾಕುವ ಬಲೆಯ ಕಣ್ಣಿಗೆ ಒಂದು ಅಳತೆ ಇದೆ. ಆ ಅಳತೆಯ ಮೀನಿನ ಕಿವಿರು ಸಿಕ್ಕಿಕೊಳ್ಳುತ್ತದೆ, ಚಿಕ್ಕದು ತೂರಿ ಹೋಗುತ್ತದೆ. ದೋಣಿ ಬಂದ ಮೇಲೆ ಮೀನನ್ನು ಒಂದೊಂದಾಗಿ ಬಲೆಯಿಂದ ಬಿಡಿಸಬೇಕು, ಬೆರಳೆಲ್ಲ ಗಾಯ. ಅದೇ ಆಚೆ ಕಡೆ ಲಾರಿಗೆ ಬುಟ್ಟಿ ಬುಟ್ಟಿ ಸುರಿಯುತ್ತಿರುತ್ತಾರೆ, ಬೆರಳುದ್ದದ ಬೂತಾಯಿ ಮರಿ, ಇನ್ನೂ ಹೆಸರು ಹಿಡಿಯಲಾಗದಷ್ಟು ಸಣ್ಣ ಮೀನು, ಎಲ್ಲ ಒಟ್ಟಿಗೆ ಕಲೆತು ಫಿಶ್‌ಮೀಲ್ ಫ್ಯಾಕ್ಟರಿಗೆ. ಅದು ಅರೆದು ಪುಡಿಯಾಗಿ ಸಿಗಡಿ ಕೆರೆಗೆ, ಕೋಳಿ ಫಾರಂಗೆ ಹೋಗುತ್ತದೆ. ಮುಂದಿನ ವರ್ಷ ನಮ್ಮ ಬಲೆಗೆ ಬರಬೇಕಾದ ಮೀನು ಅದು. ನನಗೆ ಇಷ್ಟು ಸಿಟ್ಟು ತರಿಸುವ ದೃಶ್ಯ ಕರಾವಳಿಯಲ್ಲಿ ಬೇರೆ ಇಲ್ಲ.

ಇನ್ನು ಎಣ್ಣೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ನಮ್ಮ ವರ್ಷದ ದುಡಿಮೆ ಹೆಚ್ಚಾಗಿ ಅದೇ ಎರಡು ತಿಂಗಳಲ್ಲಿ ಆಗಬೇಕು, ಅದೂ ತೂಫಾನು, ನದಿ ಕಡಲು ಸೇರುವ ಅಳಿವೆಯ ಹೂಳು ಎಲ್ಲ ದಾಟಿಕೊಂಡು. ಅದೇ ಹೊತ್ತಿಗೆ ನಮ್ಮ ಇಂಜಿನ್ ಓಡಿಸುವ ಸೀಮೆಎಣ್ಣೆ ಬಂದಿಲ್ಲ ಅಂದರೆ ಏನು ಮಾಡಬೇಕು? 2023ರ ಬಜೆಟ್‌ನಲ್ಲಿ ಬೋಟುಗಳ ರಿಯಾಯಿತಿ ಡೀಸೆಲ್ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಮೀನುಗಾರ ಮಹಿಳೆಯರ ಬಡ್ಡಿಯಿಲ್ಲದ ಸಾಲವನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು, ಅದು ಇನ್ನೂ ಒಳ್ಳೆಯದು. ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್ ಇಂಜಿನ್ ಹಾಕಿಸಲು ತಲಾ 50 ಸಾವಿರ ಸಹಾಯಧನ ಅಂದರು. ಆದರೆ ಆ ದುಡ್ಡಿಗೆ ಹೊಸ ಇಂಜಿನ್ ಬರುವುದಿಲ್ಲ, ಉಳಿದದ್ದಕ್ಕೆ ಸಾಲವೇ ಗತಿ. ಲೆಕ್ಕ ಹಾಕುವ ಮೊದಲು ಒಬ್ಬ ನಾಡದೋಣಿಯವನನ್ನು ಎದುರು ಕೂರಿಸಿ ಕೇಳಿದ್ದರೆ ಇದು ಗೊತ್ತಾಗುತ್ತಿತ್ತು.

"ಮೀಟಿಂಗಿಗೆ ಹೋಯಿ ಎಂತ ಮಾಡುದು ಮಾರಾಯ? ಒಂದ್ ದಿನದ ಕೆಲ್ಸ ಹಾಳ್" ಅನ್ನುತ್ತಾರೆ ನಮ್ಮ ಕಡೆಯ ಹಿರಿಯರು. ಅವರು ಹೇಳುವುದರಲ್ಲಿ ಸತ್ಯ ಇದೆ. ದಿನದ ದುಡಿಮೆ ಬಿಟ್ಟು ಹೋದವನಿಗೆ ಕೊನೆಯ ಸಾಲಿನ ಕುರ್ಚಿ, ಮಾತಾಡುವ ಸರದಿ ಬರುವಷ್ಟರಲ್ಲಿ ಸಚಿವರು ಎದ್ದಿರುತ್ತಾರೆ. ಆದರೆ ಹೋಗದೇ ಇದ್ದರೆ ನಮ್ಮ ಹೆಸರಲ್ಲಿ ಬೇರೆಯವರು ಮಾತಾಡುತ್ತಾರೆ. ಆಗಿರುವುದೇ ಅದು.

ಹಿಂದೆ ಒಮ್ಮೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸಿನ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ದಕ್ಷಿಣ ಕನ್ನಡ, ಉಡುಪಿ ಕಡೆ ರಂಪಣಿಯವರಲ್ಲೇ ಹಲವರು ಪಾಲು ಹಾಕಿ ಪರ್ಸಿನ್ ಬೋಟ್ ಮಾಡಿಕೊಂಡರು. ಪಾಲು ಹಾಕಲು ದುಡ್ಡಿಲ್ಲದವರು ಸಣ್ಣ ದೋಣಿಯಲ್ಲೇ ಉಳಿದರು. ಪಕ್ಕದ ಗೋವಾದಲ್ಲಿ ಅದೇ ಹೊತ್ತಿಗೆ ರಂಪಣಿಯವರು ಹೋರಾಟಗಾರ ಮತಾನಿ ಸಲ್ದಾನ್ಹಾ ಅವರ ಜತೆ ನಿಂತು ಸಂಘ ಕಟ್ಟಿದರು. ಕೇರಳದಲ್ಲಿ ಪಾದ್ರಿ ಥಾಮಸ್ ಕೊಚ್ಚೇರಿ ಅಂಥವರ ಜತೆ ಸಣ್ಣ ಮೀನುಗಾರರು ವರ್ಷಗಟ್ಟಲೆ ಉಪವಾಸ, ಮೆರವಣಿಗೆ ಮಾಡಿದರು, 1988ರಲ್ಲಿ ಅಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಮೀನು ಮೊಟ್ಟೆ ಇಡುವ ಹೊತ್ತಲ್ಲಿ ಕಡಲಿಗೆ ರಜೆ ಕೊಡಿ ಅಂತ ಅಲ್ಲಿ ಹಟ ಹಿಡಿದು ಕೂತವರು ಸಣ್ಣ ದೋಣಿಯವರು. ಅವರಿಗೆ ಅವರದ್ದೇ ಸಂಘಟನೆ ಇತ್ತು, ಅದಕ್ಕೇ ಸಾಧ್ಯವಾಯಿತು.

ನಮ್ಮಲ್ಲೂ ಜನ ಒಗ್ಗಟ್ಟಾಗಿಲ್ಲ ಅಂತಲ್ಲ. ಸುವರ್ಣ ತ್ರಿಭುಜ ಬೋಟಿನ ಜತೆ ಏಳು ಜನ ಕಾಣೆಯಾದಾಗ, 2019ರ ಜನವರಿಯಲ್ಲಿ ಮಲ್ಪೆಯಿಂದ ಹೊರಟು ಹೆದ್ದಾರಿಯಲ್ಲಿ ಕೂತ ಜನಸಾಗರ ನೆನಪಿದೆ ಅಲ್ವಾ? ದೊಡ್ಡ ಬೋಟು ಸಣ್ಣ ದೋಣಿ ಅನ್ನದೆ ಎಲ್ಲರೂ ಬಂದಿದ್ದರು. 2020ರ ಜನವರಿಯಲ್ಲಿ ಕೇಂದ್ರದ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ವಿರುದ್ಧ ಕಾರವಾರ ಎದ್ದು ನಿಂತಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲಾದ ಕೇಣಿಯಲ್ಲಿ ಬಂದರು ಬೇಡ ಅಂತ ನಿಂತವರಲ್ಲಿ ಹೆಂಗಸರೇ ಮುಂದೆ. ಅವರು ಮೀನು ಒಣಗಿಸುವ ದಡವೇ ಹೋದರೆ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿ ಬರುತ್ತದೆ? ಅವರ ಹೆಸರಲ್ಲಿ ಬೋಟಿಲ್ಲ, ಲೈಸೆನ್ಸ್ ಇಲ್ಲ, ಜಾಗದ ಪಟ್ಟಾ ಇಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಸರ್ಕಾರ ಕರೆಯುವ ಸಭೆಯಲ್ಲಿ ನಾಡದೋಣಿ, ಕೈರಂಪಣಿ, ಬೀಸುಬಲೆಯವರಿಗೆ ಅವರೇ ಆರಿಸಿದ ಪ್ರತಿನಿಧಿ ಇರಲಿ, ಬೋಟ್ ಮಾಲೀಕರು ಹೆಸರಿಸಿದವರು ಬೇಡ. ಮೀನು ಮಾರುವ, ಒಣಗಿಸುವ ಹೆಂಗಸರಿಗೆ ಬೇರೆ ಸ್ಥಾನ ಇರಲಿ. ಒಡಿಶಾ, ಆಂಧ್ರ, ಜಾರ್ಖಂಡ್‌ನಿಂದ ಬಂದು ಬೋಟಿನಲ್ಲಿ ದುಡಿಯುವ ಕಲಾಸಿಗಳ ಪರವಾಗಿಯೂ ಯಾರಾದರೂ ಒಬ್ಬರು ಮಾತಾಡಲಿ, ಅವರಿಗಂತೂ ಈಗ ಯಾರೂ ಇಲ್ಲ. ಸಭೆ ಮಳೆಗಾಲದ ದುಡಿಮೆಯ ದಿನಗಳಲ್ಲಿ ಬೇಡ, ಬೆಂಗಳೂರಿನಲ್ಲೂ ಬೇಡ. ಧಕ್ಕೆಯಲ್ಲೇ ಮಾಡಿ, ಮಧ್ಯಾಹ್ನ ದೋಣಿ ಬಂದ ಮೇಲೆ.

ನಮ್ಮವರಿಗೂ ಒಂದು ಮಾತು. ಊರಿನ ಮೀನುಗಾರರ ಸಹಕಾರಿ ಸಂಘಕ್ಕೆ ಹೋಗಿ ಸದಸ್ಯರ ಪಟ್ಟಿ ಕೇಳಿ. ಅದರಲ್ಲಿ ಈಗಲೂ ಕಡಲಿಗೆ ಹೋಗುವವರು ಎಷ್ಟು ಜನ, ಹೆಂಗಸರು ಎಷ್ಟು ಜನ ಅಂತ ನೋಡಿ. ನಿಮ್ಮ ಹೆಸರು ಇಲ್ಲದಿದ್ದರೆ ಅರ್ಜಿ ಹಾಕಿ, ಮುಂದಿನ ಚುನಾವಣೆಗೆ ನಾಡದೋಣಿಯವರನ್ನೇ ನಿಲ್ಲಿಸಿ. ಅರ್ಜಿ ಬರೆಯಲು ಕಷ್ಟ ಆದರೆ ಇನ್‌ಬಾಕ್ಸ್‌ಗೆ ಬನ್ನಿ, ಕೂತು ಬರೆಯೋಣ.