ಹಂಚಿಹೋದ ಹೆಸರು

ಅಣ್ಣನ ಮಗಳು ಹುಟ್ಟಿದ್ದು ಮೇ ಕೊನೆಯ ವಾರ. ಆಗ ನಮ್ಮ ಕಡೆ ರೋಹಿಣಿ ಮಳೆ ನಡೆದಿತ್ತು. ಸೋದರತ್ತೆಯ ಹಕ್ಕಿನಿಂದ, ಹೆಚ್ಚು ಯೋಚಿಸದೆ, "ರೋಹಿಣಿ ಎಂದಿಡೋಣ" ಎಂದೆ. ಅತ್ತಿಗೆ ಕೂಡಲೇ ಮೊಬೈಲ್ ತೆಗೆದು ಹುಡುಕಿದರು. ದೆಹಲಿಯ ಬಡಾವಣೆ, ಅಲ್ಲಿನ ಮೆಟ್ರೊ ನಿಲ್ದಾಣ, ನ್ಯಾಯಾಲಯ, ಸಿನಿಮಾ ನಟಿ, ರಾಕೆಟ್, ಎಲ್ಲವೂ ಸಾಲುಗಟ್ಟಿ ಬಂದವು. "ಇಷ್ಟೊಂದು ಕಡೆ ಹಂಚಿಹೋದ ಹೆಸರು ಯಾಕೆ? ಬೇರೆ ಯಾರಿಗೂ ಇರದಂಥದ್ದು ಬೇಕು" ಎಂದರು. ಅವರ ಪಟ್ಟಿಯಲ್ಲಿದ್ದ ಹೆಸರುಗಳನ್ನು ಸರಿಯಾಗಿ ಕರೆಯಬೇಕಾದರೆ ನಮ್ಮ ಅಜ್ಜಿ ಹಲ್ಲು ಕಟ್ಟಿಸಿಕೊಳ್ಳಬೇಕಾಗುತ್ತಿತ್ತು.

ನನಗೆ ಆ ಹೆಸರು ಬೇಕೆನಿಸಿದ್ದೇ ಅದು ಹಂಚಿಹೋಗಿದೆ ಎಂಬ ಕಾರಣಕ್ಕೆ.

ರೋಹಿಣಿ ಎಂದರೆ ಕೆಂಪಗಿರುವವಳು. ಆಕಾಶದಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 65 ಜ್ಯೋತಿರ್ವರ್ಷ ದೂರದ, ಸೂರ್ಯನಿಗಿಂತ ನಲವತ್ತು ಪಟ್ಟಿಗೂ ಹೆಚ್ಚು ಅಗಲದ ಆ ದೈತ್ಯ ನಕ್ಷತ್ರ ಕೆಂಡದಂತೆ ಕಾಣುತ್ತದೆ. ಅರಬರು ಅದನ್ನು ಅಲ್‌ದೆಬರಾನ್ ಎಂದರು, ಅಂದರೆ ಹಿಂಬಾಲಿಸುವವನು. ಕೃತ್ತಿಕೆಯ ಬೆನ್ನಿಗೇ ಮೂಡುತ್ತದಲ್ಲ, ಅದಕ್ಕೆ. ನಮ್ಮವರು ಬಣ್ಣ ನೋಡಿದರು, ಅವರು ನಡಿಗೆ ನೋಡಿದರು.

ಚಂದ್ರನಿಗೆ ದಕ್ಷನ 27 ಹೆಣ್ಣುಮಕ್ಕಳು ಹೆಂಡತಿಯರು. ರೋಹಿಣಿಯ ಮೇಲಷ್ಟೇ ಮೋಹ. ಅದಕ್ಕೇ ಮಾವನ ಶಾಪ, ಕ್ಷಯ. ಇದು ಬರೀ ಕಟ್ಟುಕಥೆ ಎಂದುಕೊಂಡಿದ್ದೆ. ಆದರೆ ಚಂದ್ರ ನಿಜಕ್ಕೂ ಆ ನಕ್ಷತ್ರದ ಮೇಲೆ ಹಾದು ಅದನ್ನು ಮರೆಮಾಡುತ್ತಾನೆ. 2015ರ ಜನವರಿಯಿಂದ 2018ರ ಸೆಪ್ಟೆಂಬರ್‌ವರೆಗೆ, ಪ್ರತಿ ಸುತ್ತಿಗೊಮ್ಮೆಯಂತೆ, 49 ಬಾರಿ ಹೀಗಾಯಿತು. ಮಘೆ, ಚಿತ್ತೆ, ಜ್ಯೇಷ್ಠೆಯರ ಉಜ್ವಲ ತಾರೆಗಳನ್ನೂ ಅವನು ಹೀಗೆಯೇ ಮರೆಮಾಡುವುದುಂಟು. ಕಥೆ ಕಟ್ಟಿದವರು ಆ ಮಾತು ಎತ್ತಲಿಲ್ಲ.

ಇಸ್ರೋದವರಿಗಂತೂ ಈ ಹೆಸರಿನ ಮೇಲೆ ಚಂದ್ರನಿಗಿಂತ ಹೆಚ್ಚು ಪ್ರೀತಿ. 1967ರ ನವೆಂಬರ್‌ನಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಹಾರಿದ ಪುಟ್ಟ ರಾಕೆಟ್ ರೋಹಿಣಿ-75. ಎಪ್ಪತ್ತೈದು ಎಂದರೆ ಅದರ ಕೊಳವೆಯ ಅಡ್ಡಳತೆ, ಮಿಲಿಮೀಟರಿನಲ್ಲಿ. 1979ರ ಆಗಸ್ಟ್‌ನಲ್ಲಿ ಎಸ್ಎಲ್‌ವಿ-3 ರಾಕೆಟ್ ಹೊತ್ತೊಯ್ದ ರೋಹಿಣಿ ಉಪಗ್ರಹ ಸಮುದ್ರದ ಪಾಲಾಯಿತು. ಮರುವರ್ಷ ಜುಲೈ 18ರಂದು 35 ಕಿಲೋ ತೂಕದ ರೋಹಿಣಿ ಕಕ್ಷೆ ಸೇರಿತು. ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ 1981ರ ಮೇ 31ರಂದು ಏರಿದ ಇನ್ನೊಂದು ರೋಹಿಣಿ. ನಿಗದಿಯಾದ ಎತ್ತರ ಮುಟ್ಟದೆ ಒಂಬತ್ತೇ ದಿನ ಬಾಳಿತು. ಪಂಚಾಂಗ ತೆರೆದು ನೋಡಿ: ರೋಹಿಣಿ ಮಳೆಯ ನಡುವೆ ಹುಟ್ಟಿ, ಮೃಗಶಿರ ಕಾಲಿಡುವ ಹೊತ್ತಿಗೆ ಮುಗಿದುಹೋಯಿತು.

ಬಲರಾಮನ ತಾಯಿಯೂ ರೋಹಿಣಿಯೇ. ಮಗನ ಹೆಗಲ ಮೇಲೆ ನೇಗಿಲು, ತಾಯಿಯ ಹೆಸರಿನಲ್ಲಿ ಬಿತ್ತನೆಯ ಮಳೆ! "ರೋಹಿಣಿ ಮಳೆ ಬಿದ್ದರೆ ಓಣಿಯೆಲ್ಲ ಜೋಳ" ಎನ್ನುತ್ತಿದ್ದ ನಮ್ಮ ಅಜ್ಜ ಇದನ್ನು ಕೇಳಿದ್ದರೆ ಕುಣಿಯುತ್ತಿದ್ದ.

ಒಂದು ಅರ್ಥವನ್ನು ಮಾತ್ರ ಅತ್ತಿಗೆಯಿಂದ ಬಚ್ಚಿಟ್ಟೆ. ಸುಶ್ರುತ ಹೇಳುವ ರೋಹಿಣಿ ಗಂಟಲಿನ ಮಾರಕ ರೋಗ. ಈಗಿನವರು ಅದನ್ನು ಗಂಟಲಮಾರಿಗೆ ಹೋಲಿಸುತ್ತಾರೆ. ಬಾಣಂತಿಗೆ ಹೇಳುವ ಮಾತೇ ಅದು? ಕಹಿಗೆ ಹೆಸರಾದ ಕಟುಕರೋಹಿಣಿ ಬೇರಿನ ಸುದ್ದಿಯನ್ನೂ ಎತ್ತಲಿಲ್ಲ.

ವಾದದಲ್ಲಿ ಸೋತೆ. ತೊಟ್ಟಿಲ ದಿನ ಪಟ್ಟಿಯ ಹೆಸರನ್ನೇ ಮಗುವಿನ ಕಿವಿಯಲ್ಲಿ ಹೇಳಿದೆ. ಓಣಿಯ ಹುಡುಗಿಯರು ನನ್ನ ಬೆನ್ನಿಗೆ ರೂಢಿಯಂತೆ ಗುದ್ದಿದರು, ಸ್ವಲ್ಪ ಜೋರಾಗಿಯೇ. ಆ ರಾತ್ರಿ ಅಂಗಳಕ್ಕೆ ಬಂದು ಹುಡುಕಿದರೆ ರೋಹಿಣಿ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಸೂರ್ಯ ರೋಹಿಣಿಯ ಬಳಿ ಬಂದಾಗಲೇ ರೋಹಿಣಿ ಮಳೆ. ಅವನ ಬೆಳಕಿನಲ್ಲಿ ಅವಳು ಕಾಣುವುದಿಲ್ಲ. ಅಷ್ಟು ದಿನ ಊರೆಲ್ಲ ಆ ಹೆಸರನ್ನೇ ಜಪಿಸುತ್ತದೆ, ಕತ್ತೆತ್ತಿದರೆ ಅಲ್ಲಿ ಅವಳಿರುವುದಿಲ್ಲ.

ಡಿಸೆಂಬರ್‌ನಲ್ಲಿ ಸಂಜೆ ಕವಿದ ಮೇಲೆ ಮೂಡಣಕ್ಕೆ ನೋಡಿದರೆ ಕಾಣುತ್ತಾಳೆ. ಅಷ್ಟರಲ್ಲಿ ಮಗುವಿಗೆ ಆರು ತಿಂಗಳು ತುಂಬಿರುತ್ತದೆ, ಸೊಂಟದ ಮೇಲೆ ನಿಲ್ಲುತ್ತದೆ. ಅತ್ತಿಗೆ ಒಳಗೆ ರೊಟ್ಟಿ ಬಡಿಯುತ್ತಿರುವಾಗ ಎತ್ತಿಕೊಂಡು ಅಟ್ಟದ ಮೇಲೆ ಹೋಗುತ್ತೇನೆ.