ಆನೆ ಹೋದ ಮೇಲೆ ಬಂದ ಮೆಸೇಜು

ಮೊನ್ನೆ ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬಂತು. ‘ನಿಮ್ಮ ಭಾಗದಲ್ಲಿ ಕಾಡಾನೆ ಸಂಚಾರವಿದೆ, ಎಚ್ಚರದಿಂದಿರಿ.’ ಅದನ್ನು ಓದುವಾಗ ನಾನು ಬಾಳೆ ತೋಟದಲ್ಲಿ ನಿಂತಿದ್ದೆ. ಬಾಳೆ ಇರಲಿಲ್ಲ. ಲದ್ದಿ ಇತ್ತು, ಇನ್ನೂ ಹಬೆಯಾಡುತ್ತಿತ್ತು.

ಸಕಲೇಶಪುರದ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ಹಿಂದಿನ ರಾತ್ರಿಯಷ್ಟೇ ಟಿವಿಯಲ್ಲಿ ಹೈಪರ್‌ಸಾನಿಕ್ ಗ್ಲೈಡ್ ಕ್ಷಿಪಣಿ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರು. ಶಬ್ದಕ್ಕಿಂತ 5 ಪಟ್ಟು ಜಾಸ್ತಿ ವೇಗ, ತಡೆಯೋರೇ ಇಲ್ಲ ಅಂತ. ವೇಗದ್ದೇನು ಮಹಾ, ದೂರ ಹೋಗುವ ಹಳೇ ಬ್ಯಾಲಿಸ್ಟಿಕ್ ಕ್ಷಿಪಣಿಯೂ ಅಷ್ಟೇ ಜೋರು. ಆದರೆ ಅದು ಮರ್ಯಾದಸ್ಥ. ಕವಣೆ ಕಲ್ಲಿನ ಹಾಗೆ ಮೇಲೆ ಹೋದರೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಬಹುದು. ಆ ಲೆಕ್ಕ ನಂಬಿಯೇ ದೊಡ್ಡ ದೇಶಗಳು ಕೋಟಿಗಟ್ಟಲೆ ಸುರಿದು ಕ್ಷಿಪಣಿ ತಡೆಯುವ ಬೇಲಿ ಹಾಕಿಕೊಂಡವು. ಗ್ಲೈಡ್ ಕ್ಷಿಪಣಿ ರಾಕೆಟ್‌ನಿಂದ ಕಳಚಿಕೊಂಡು, ಗಾಳಿಯ ಮೇಲೆ ಜಾರುತ್ತಾ, ನಡುದಾರಿಯಲ್ಲಿ ಎಡಕ್ಕೋ ಬಲಕ್ಕೋ ಹೊರಳುತ್ತದೆ. ತಗ್ಗಿನಲ್ಲಿ ಬರುವುದರಿಂದ ಭೂಮಿಯ ಉಬ್ಬು ಅಡ್ಡವಾಗಿ, ನೆಲದ ರೇಡಾರ್‌ಗೆ ಕಾಣುವಷ್ಟರಲ್ಲಿ ಹತ್ತಿರವೇ ಇರುತ್ತದೆ. ಚೀನಾ ಡಿಎಫ್-17 ಎಂಬ ತನ್ನ ಗ್ಲೈಡ್ ಕ್ಷಿಪಣಿಯನ್ನು 2019ರಲ್ಲಿ ಮೆರವಣಿಗೆ ಮಾಡಿತು. ನಾವೂ 2024ರ ನವೆಂಬರ್‌ನಲ್ಲಿ ಒಡಿಶಾ ತೀರದಿಂದ ಒಂದು ಹೈಪರ್‌ಸಾನಿಕ್ ಕ್ಷಿಪಣಿ ಹಾರಿಸಿ ನೋಡಿದ್ದೇವೆ.

ಅಲ್ಲ ಸ್ವಾಮಿ, ದಾರಿ ಬದಲಿಸಿ ಬರುವವರನ್ನು ಬೇಲಿ ತಡೆಯಲ್ಲ ಅಂತ ತಿಳಿಯೋಕೆ ಚೀನಾ ಯಾಕೆ ಬೇಕು? ನಮ್ಮೂರಲ್ಲಿ ಕಂದಕ ತೋಡಿದರು, ಸಲಗ ಮಣ್ಣು ಕೆಡವಿಕೊಂಡು ದಾಟಿತು. ಸೋಲಾರ್ ತಂತಿ ಎಳೆದರು, ಒಣ ಮರ ಬೀಳಿಸಿತು. ರೈಲು ಕಂಬಿಯ ಬೇಲಿ ನಿಲ್ಲಿಸಿದರು, ಕಂಬಿಯ ಬದಿಯಲ್ಲೇ ವಾಕಿಂಗ್ ಹೋಗಿ, ದುಡ್ಡು ಮುಗಿದ ಜಾಗದಲ್ಲಿ ಒಳಗೆ ಬಂತು. ನಕ್ಷೆಯಲ್ಲಿ ಆನೆ ದಾರಿಗೆ ಚೆಂದದ ಕೆಂಪು ಗೆರೆ ಎಳೆದಿದ್ದಾರೆ. ಆನೆಗೊಂದು ಪ್ರತಿ ಕೊಟ್ಟಿಲ್ಲ ಅಷ್ಟೇ.

ಇದೇ ಹಾಸನದಲ್ಲಿ ಇಸ್ರೋದವರು ಕೂತು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅತ್ತಿತ್ತ ಅಲುಗಾಡದಂತೆ ನೋಡಿಕೊಳ್ಳುತ್ತಾರೆ. ನಮ್ಮ ಸಲಗ ಅಷ್ಟು ಎತ್ತರದಲ್ಲಿಲ್ಲ, ಅದೇ ತೊಂದರೆ ಇರಬೇಕು.

ಮೆಸೇಜಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. “ಆನೆ ಈಗ ಎಲ್ಲಿದೆ ಸಾರ್?”

“ನೀವೇ ಹೇಳ್ಬೇಕು ಗೌಡ್ರೇ. ನಿಮ್ಮಂಥವರು ಹೇಳಿದ್ಮೇಲೇ ಅಲ್ವಾ ನಾವು ಮೆಸೇಜ್ ಹಾಕೋದು?”

ಲದ್ದಿಯ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಮೊಬೈಲ್ ಮತ್ತೆ ಕುಂಯ್ ಅಂದಿತು. ‘ನಿಮ್ಮ ಭಾಗದಲ್ಲಿ ಕಾಡಾನೆ ಸಂಚಾರವಿದೆ.’