ರಾಜ್ಯದ ಖರ್ಚಿಗೆ ಮಿತಿಯೇ ಇಲ್ಲವೇ? ಒಂದು ಸ್ಪಷ್ಟನೆ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಕರ್ನಾಟಕದ ತೆರಿಗೆ, ಸಾಲ, ಖರ್ಚಿಗೆ ಯಾವ ಮಿತಿಯೂ ಇಲ್ಲ. ಅಮೆರಿಕದ ಕೊಲರಾಡೊದಂತೆ ಸಂವಿಧಾನದಲ್ಲೇ ಬೀಗ ಹಾಕಬೇಕು’ ಎನ್ನುತ್ತದೆ ಅದು.

ಮೊದಲ ಮಾತೇ ತಪ್ಪು. ಕರ್ನಾಟಕದಲ್ಲಿ 2002ರಿಂದಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇದೆ. ಇಂಥದ್ದನ್ನು ದೇಶದಲ್ಲಿ ಮೊದಲು ತಂದದ್ದೇ ನಮ್ಮ ರಾಜ್ಯ. ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿ ಸಾಲದಿಂದ ತುಂಬಿಸುವ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು ಎಂಬುದು ಅದರ ನಿಯಮ. ವೃತ್ತಿ ತೆರಿಗೆಗಂತೂ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ.

ಇನ್ನು ಕೊಲರಾಡೊ ವಿಷಯ. ಅಲ್ಲಿ 1992ರಲ್ಲಿ ಬಂದ ನಿಯಮ ಸರಳ. ಜನಸಂಖ್ಯೆ ಮತ್ತು ಬೆಲೆ ಏರಿದಷ್ಟೇ ಸರ್ಕಾರದ ಆದಾಯ ಹಿಂದಿನ ವರ್ಷಕ್ಕಿಂತ ಏರಬಹುದು. ಹೆಚ್ಚಿಗೆ ಬಂದದ್ದನ್ನು ಮತದಾರರು ಒಪ್ಪದಿದ್ದರೆ ವಾಪಸ್ ಕೊಡಬೇಕು. 2001ರ ಹಿಂಜರಿತದಲ್ಲಿ ಆದಾಯ ಕುಸಿದಾಗ ಮಿತಿಯೂ ಕೆಳಗಿಳಿಯಿತು. ಆರ್ಥಿಕತೆ ಚೇತರಿಸಿಕೊಂಡರೂ ಮಿತಿ ಹಳೆಯ ಮಟ್ಟಕ್ಕೆ ಮೇಲೇಳಲಿಲ್ಲ. ಕೊನೆಗೆ 2005ರಲ್ಲಿ ಅಲ್ಲಿನ ಮತದಾರರೇ ಅದನ್ನು ಐದು ವರ್ಷ ತಡೆಹಿಡಿದರು. ಸಂದೇಶದಲ್ಲಿ ಇದರ ಸುದ್ದಿಯೇ ಇಲ್ಲ.

ಅಂಥ ಬೀಗ ನಮಗೆ ಬೇಡ ಎಂದೇ ನಾನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜರಿದದ್ದು ನಾವ್ಯಾರೂ ಮರೆತಿಲ್ಲ, ಅಲ್ವಾ? ಮನೆ ಕಳೆದುಕೊಂಡವರಿಗೆ ಆಗಲೇ ಹಣ ಬೇಕಿತ್ತು. 2020ರಲ್ಲಿ ಕೋವಿಡ್ ಬಂದಾಗ ವಿಧಾನಮಂಡಲ ಕಾಯ್ದೆ ತಿದ್ದಿ, ಆ ವರ್ಷದ ಮಿತಿಯನ್ನು ಶೇ 5ಕ್ಕೆ ಏರಿಸಿತು. ಮಿತಿ ಸಂವಿಧಾನದಲ್ಲಿದ್ದಿದ್ದರೆ ಅದನ್ನು ಬೆಂಗಳೂರಿನಲ್ಲಿ ತಿದ್ದಲು ಆಗುತ್ತಿರಲಿಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತಕ್ಕೆ ಕಾಯಬೇಕಿತ್ತು.